ಕಾಂಗ್ರೆಸ್ ಕಡ್ಲೆಬೀಜ: ಈವರೆಗೆ ಕೂತ ಹದ

ಹಾಸನದ ಬಾರುಗಳಲ್ಲಿ ನೆಂಚಿಕೊಳ್ಳೋಕೆ ಸಿಗುವ ಈ ಖಾರದ ಬೀಜ ಬೇಕರಿ ಸರಕು. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳ ಬೇರು ಹಾಸನ ಜಿಲ್ಲೆಯಲ್ಲೇ ಇರೋದರಿಂದ ಊರಿಗೆ ಇದು ಹೊಸದೇನಲ್ಲ.

ಹೆಸರಿನ ಬಗ್ಗೆ ಎಲ್ಲರೂ ಹೇಳೋದು 1969ರ ಕಥೆ. ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯ ಅಧಿವೇಶನದಲ್ಲಿ ಬಿರುಕು ಬಾಯಿಬಿಟ್ಟು, ನವೆಂಬರ್ ಹೊತ್ತಿಗೆ ಪಕ್ಷ ಎರಡು ಹೋಳು: ಅತ್ತ ಇಂದಿರಾ, ಇತ್ತ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್. ಹೋಳು ಬೀಜಕ್ಕೆ ಹೆಸರು ಸಿಕ್ಕಿತು. ಪಕ್ಕದ ಚಿಕ್ಕಮಗಳೂರಿನಲ್ಲಿ ಇಂದಿರಾ ಗೆದ್ದ 1978ರ ಉಪಚುನಾವಣೆಗೆ ಗಂಟು ಹಾಕುವ ಆಸೆಯಾಗುತ್ತೆ, ಆದರೆ ಕಥೆ ಅದರದ್ದಲ್ಲ. ಕಾಂಗ್ರೆಸ್ ಗಿಡಕ್ಕೂ ಇದಕ್ಕೂ ನಂಟಿಲ್ಲ.

ಹೋಳು ಮಾಡೋದು ಹೆಸರಿಗಷ್ಟೇ ಅಲ್ಲ. ಮಸಾಲೆ ಹಿಡಿಯೋದು ಒಳಗಿನ ಚಪ್ಪಟೆ ಮೈಗೆ. ಇಡೀ ಬೀಜದ ಮೇಲಿಂದ ಜಾರಿ ಡಬ್ಬಿಯ ತಳ ಸೇರುತ್ತೆ.

ಅರ್ಧ ಕೆ.ಜಿ. ಬೀಜಕ್ಕೆ ದಪ್ಪ ತಳದ ಬಾಣಲೆ, ಸಣ್ಣ ಉರಿ, 20ರಿಂದ 25 ನಿಮಿಷ, ಕೈ ಬಿಡದೆ. ಉರಿ ಜೋರಾದರೆ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತೆ, ಹಸಿ ಬೀಜ ಉಜ್ಜಿದರೂ ಬಿಡಿಸಿಕೊಳ್ಳಲ್ಲ. ಬಿಸಿಯಲ್ಲಿ ಮೆತ್ತಗೇ ಇರುತ್ತೆ, ಆದ್ದರಿಂದ ಒಂದನ್ನು ತಣ್ಣಗೆ ಮಾಡಿ ಕಡಿದು ನೋಡಬೇಕು. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಉದುರಿದ ಪುಟ್ಟ ಮೂತಿಗಳನ್ನು ಜರಡಿ ಹಿಡಿಯೋದು. ಅವು ತುಸು ಕಹಿ.

2 ದೊಡ್ಡ ಚಮಚ ಎಣ್ಣೆಯಲ್ಲಿ ಒರೆಸಿದ ಕರಿಬೇವನ್ನು ಚಟಪಟ ಸದ್ದು ನಿಲ್ಲುವವರೆಗೆ ಹುರಿಯಬೇಕು. ಸದ್ದು ಇದ್ದರೆ ಎಲೆಯಲ್ಲಿ ನೀರಿದೆ ಅಂತಲೇ ಲೆಕ್ಕ. ಆ ನೀರೇ ನಾಳೆ ಬೀಜ ಮೆತ್ತಗೆ ಮಾಡೋದು. ಒಲೆ ಆರಿಸಿದ ಮೇಲೇ ಪುಡಿಗಳು, ಇಲ್ಲದಿದ್ದರೆ ಖಾರ ಸೀಯುತ್ತೆ: ಇಂಗು, ಅರಿಶಿನ ಕಾಲು ಕಾಲು ಟೀ ಚಮಚ, ಅಚ್ಚಖಾರ ಒಂದೂವರೆ, ಕಾಳುಮೆಣಸು ಅರ್ಧ, ನುಣ್ಣಗೆ ಪುಡಿ ಮಾಡಿದ ಉಪ್ಪು ಒಂದೂವರೆ. ಬೀಜ ಸುರಿದು ಸಣ್ಣ ಉರಿಯಲ್ಲಿ 2 ನಿಮಿಷ ಕೆದಕಿ ಇಳಿಸೋದು.

ಬಿಸಿಯಲ್ಲೇ ಮುಚ್ಚಿಡಬಾರದು. ಹೋಳು ಬೀಜಕ್ಕೆ ಗಾಳಿ ಹೆಚ್ಚು ತಾಗೋದರಿಂದ ಬೇಗ ಕಮಟು ಬರುತ್ತೆ, ಎರಡು ವಾರದೊಳಗೆ ಮುಗಿಸೋದು ವಾಸಿ. ಮಳೆಗಾಲಕ್ಕೆ ಸಣ್ಣ ಡಬ್ಬಿಗಳೇ ಗತಿ. ಮೆತ್ತಗಾದದ್ದನ್ನು ಬರೀ ಬಾಣಲೆಯಲ್ಲಿ 3–4 ನಿಮಿಷ ಬಿಸಿ ಮಾಡಿದರೆ ಗರಿ ವಾಪಸ್ಸು. ಈರುಳ್ಳಿ, ನಿಂಬೆರಸ ಬೇಕೆನ್ನುವವರು ತಟ್ಟೆಯಲ್ಲೇ ಕಲಸಿಕೊಳ್ಳಲಿ.

ಮುಂದೆ ಎಣ್ಣೆ ಬದಲು ಹಾಕಿ ನೋಡಬೇಕಾದ್ದು ತುಪ್ಪ. ಬೆಣ್ಣೆಯನ್ನು ಹಾಗೇ ಹಾಕಿದರೆ ಅದರ ನೀರಿನಂಶ ಗರಿಯನ್ನು ಕೆಡಿಸುತ್ತೆ.