ಕೊಂಬು ನೋಡಿ ಹೆಸರಿಡಬೇಡಿ

ಮ್ಯೂಸಿಯಂ ಡ್ರಾಯರ್‌ಗಳಲ್ಲಿ ಸೂಜಿಗೆ ಚುಚ್ಚಿಟ್ಟ ಕೊಂಬಿನ ಜೀರುಂಡೆಗಳನ್ನು, ಅಂದರೆ ಸ್ಟ್ಯಾಗ್ ಬೀಟಲ್‌ಗಳನ್ನು ಜಾತಿವಾರು ಬೇರೆ ಮಾಡಿ ಹೆಸರು ಹಚ್ಚುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕೊಂಬಿನ ಕಡೆ ಆಮೇಲೆ ನೋಡಿ. ಕಣ್ಣು ಅಲ್ಲಿಗೇ ಹೋಗುತ್ತೆ, ಗೊತ್ತು. ಆದರೆ ಜಾಸ್ತಿ ಮೋಸ ಮಾಡೋದೂ ಅದೇ.

ಕೊಂಬು ಅಂದರೆ ಗಂಡಿನ ದವಡೆ, ಅಷ್ಟೇ. ಮರಿಹುಳು ಕೊಳೆತ ಮರದೊಳಗೆ ಎಷ್ಟು ತಿಂದು ದಪ್ಪ ಆಯಿತು ಅನ್ನೋದರ ಮೇಲೆ ಬೆಳೆದ ಜೀರುಂಡೆಯ ಅಳತೆ ನಿಂತಿರುತ್ತದೆ, ಹೊರಗೆ ಬಂದ ಮೇಲೆ ಅದು ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಮೈ ಸ್ವಲ್ಪ ದೊಡ್ಡದಾದರೆ ದವಡೆ ಅದಕ್ಕಿಂತ ಎಷ್ಟೋ ಪಾಲು ಉದ್ದವಾಗುತ್ತದೆ. ಹಾಗಾಗಿ ಯುರೋಪಿನ ಜಾತಿ ಲುಕಾನಸ್ ಸರ್ವಸ್‌ನಲ್ಲಿ 7 ಸೆಂಟಿಮೀಟರ್ ಗಂಡು ಜಿಂಕೆಯ ಹಾಗೆ ಕೊಂಬು ಹೊತ್ತು ನಿಂತಿದ್ದರೆ, ಅದರ ಅರ್ಧದಷ್ಟಿರುವ ಇನ್ನೊಂದು ಗಂಡಿಗೆ ಚಿಕ್ಕ ಇಕ್ಕಳದಂಥ ದವಡೆ ಮಾತ್ರ. ಎರಡೂ ಒಂದೇ ಜಾತಿ. ಓಡೊಂಟೊಲಾಬಿಸ್ ಗುಂಪಂತೂ ಇನ್ನೂ ತರಲೆ, ಒಂದೇ ಜಾತಿಯ ಗಂಡುಗಳಲ್ಲಿ ದವಡೆಯ ಆಕಾರವೇ ಬೇರೆ ಬೇರೆ, ಹಲ್ಲುಗಳ ಜಾಗವೂ ಬದಲಾಗುತ್ತದೆ. ಹಿಂದಿನವರ ಕೈಗೆ ದೂರದ ಊರಿನಿಂದ ಒಂದೋ ಎರಡೋ ಹುಳು ಸಿಗುತ್ತಿತ್ತು, ಅವರು ಚಿಕ್ಕ ಗಂಡಿಗೆ ಒಂದು ಹೆಸರು, ದೊಡ್ಡದಕ್ಕೆ ಇನ್ನೊಂದು ಹೆಸರು ಇಟ್ಟುಬಿಟ್ಟರು. ಈಗ ಆ ಹೆಸರುಗಳನ್ನು ಮತ್ತೆ ಒಂದೇ ಕಡೆ ಸೇರಿಸುವುದರಲ್ಲೇ ನಮ್ಮ ಅರ್ಧ ಸಮಯ ಹೋಗುತ್ತದೆ.

ನಾನು ಮಾಡೋದು ಹೀಗೆ. ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಹಿಡಿದ ಗಂಡುಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತೇನೆ. ನಡುವಿನ ಅಳತೆಗಳು ತುಂಬಿಕೊಂಡರೆ ಹೊಸ ಜಾತಿಯ ಆಸೆ ಬಹುತೇಕ ಅಲ್ಲಿಗೇ ಮುಗಿಯಿತು. ನಡುವೆ ಖಾಲಿ ಉಳಿದರೂ ಕುಣಿಯಬೇಕಾಗಿಲ್ಲ, ಸಿಕ್ಕ ಹುಳುಗಳು ಕಡಿಮೆ ಇರಬಹುದು ಅಲ್ವಾ? ಆಗ ಹೊಟ್ಟೆಯ ತುದಿ ಬಿಡಿಸಬೇಕು. ಒಣಗಿದ ಹುಳುವನ್ನು ಬಿಸಿನೀರಿನಲ್ಲಿ ನೆನೆಸಿ ಕೀಲು ಸಡಿಲವಾದ ಮೇಲೆ ಸಣ್ಣ ಚಿಮಟದಿಂದ ಗಂಡಿನ ಜನನಾಂಗವನ್ನು ಹೊರಗೆಳೆದು, ಅಂಟಿಕೊಂಡ ಮಾಂಸ ಕರಗಲು ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿಟ್ಟು, ತೊಳೆದು, ಗ್ಲಿಸರಿನ್ ಹನಿಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಮೈ ಎಷ್ಟೇ ಹೆಚ್ಚುಕಮ್ಮಿಯಾದರೂ ಈ ಭಾಗದ ಆಕಾರ ದವಡೆಯಷ್ಟು ಬದಲಾಗುವುದಿಲ್ಲ. ನೋಡಿದ್ದಾದ ಮೇಲೆ ಅದನ್ನು ಪುಟ್ಟ ಶೀಶೆಗೆ ಹಾಕಿ ಅದೇ ಸೂಜಿಗೆ ಚುಚ್ಚಿಡಿ. ಬೇರೆ ಡಬ್ಬಿಯಲ್ಲಿಟ್ಟರೆ ನಾಳೆ ಯಾವುದು ಯಾರದ್ದು ಅಂತ ದೇವರಿಗೇ ಗೊತ್ತು.

ಬಿಸಿನೀರಿನಿಂದ ಇನ್ನೊಂದು ಉಪಕಾರ ಇದೆ. ಹಳೇ ಕಾಲದ ವ್ಯಾಪಾರಿಗಳು ಮುರಿದ ಹುಳುವಿಗೆ ಬೇರೆ ಹುಳುವಿನ ತಲೆ ಅಂಟಿಸಿ ಮಾರುತ್ತಿದ್ದದ್ದೂ ಉಂಟು. ಆ ಕಾಲದ ಅಂಟು ಬಿಸಿನೀರಿಗೆ ಬಿದ್ದರೆ ಬಿಟ್ಟುಕೊಳ್ಳುತ್ತದೆ, ‘ಅಪರೂಪದ ಜಾತಿ’ ಎರಡು ತುಂಡಾಗಿ ಬಟ್ಟಲಲ್ಲಿ ತೇಲುತ್ತದೆ. ಲುಕಾನಸ್‌ನಲ್ಲಿ ಮೈಮೇಲಿನ ಸಣ್ಣ ರೋಮವನ್ನೂ ನಂಬಬೇಡಿ. ಉಜ್ಜಿ ಉದುರಿ ಹೋಗಿರುತ್ತದೆ, ಬೋಳು ಹುಳು ಬೇರೆ ಜಾತಿಯಂತೆ ಕಾಣುತ್ತದೆ.

ಹೆಸರಿನ ಲೆಕ್ಕ ಬೇರೆಯೇ. ಪ್ರಾಣಿಗಳ ವೈಜ್ಞಾನಿಕ ಹೆಸರಿಗೆ ಶುರು 1758, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನಿಂದ. ಸಾಮಾನ್ಯವಾಗಿ ಮೊದಲು ಇಟ್ಟ ಹೆಸರೇ ನಿಲ್ಲುತ್ತದೆ, ಅದು ಸಣಕಲು ಗಂಡಿಗೆ ಇಟ್ಟದ್ದಾದರೂ ಸರಿ. ಆ ಹೆಸರು ಯಾವ ಹುಳುವಿಗೆ ಸೇರಿದ್ದು ಅಂತ ತಿಳಿಯಲು ಟೈಪ್ ಮಾದರಿಯನ್ನೇ, ಅಂದರೆ ಹೆಸರಿಗೆ ಆಧಾರವಾದ ಮೂಲ ಹುಳುವನ್ನೇ ನೋಡಬೇಕು, ಚಿತ್ರ ನೋಡಿ ತೀರ್ಮಾನ ಮಾಡಬಾರದು. ಹಳಬರು ಎಷ್ಟೋ ಸಲ ಒಂದನ್ನೇ ಗುರುತು ಮಾಡದೆ ನಾಲ್ಕಾರು ಹುಳುಗಳನ್ನು ಇಟ್ಟುಕೊಂಡೇ ಬರೆದಿದ್ದಾರೆ, ಅದರಲ್ಲಿ ಎರಡು ಜಾತಿ ಬೆರೆತಿದ್ದರೆ ಒಂದನ್ನು ಲೆಕ್ಟೋಟೈಪ್ ಅಂತ, ಅಂದರೆ ಇನ್ನು ಮುಂದೆ ಆ ಹೆಸರಿಗೆ ಇದೊಂದೇ ಆಧಾರ ಅಂತ ಆರಿಸಬೇಕಾಗುತ್ತದೆ. 2000ದಿಂದೀಚೆಗೆ ಹೊಸ ಜಾತಿ ಬರೆಯುವವರು ಟೈಪ್ ಯಾವುದು ಅಂತ ಸ್ಪಷ್ಟವಾಗಿ ಹೇಳಲೇಬೇಕು.

ಇನ್ನು ಲೇಬಲ್. ಜಾಗ, ತಾರೀಕು, ಹಿಡಿದವರ ಹೆಸರು ಇಲ್ಲದ ಹುಳು ನೋಡಲು ಎಷ್ಟೇ ಚೆನ್ನಾಗಿರಲಿ, ನನಗೆ ಬೇಡ. ಹಳೇ ಲೇಬಲ್ ತಪ್ಪು ಅನ್ನಿಸಿದರೂ ತೆಗೆದು ಎಸೆಯಬೇಡಿ, ನಿಮ್ಮದನ್ನು ಅದರ ಕೆಳಗೆ ಹಾಕಿ.

ಹೆಣ್ಣುಗಳ ಟ್ರೇ ಬಗ್ಗೆ ಎಲ್ಲರೂ ಕೇಳುತ್ತಾರೆ, ಯಾಕೆ ಸುಮ್ನೆ ಹಾಗೇ ಬಿಟ್ಟಿದ್ದೀರಿ ಅಂತ. ದವಡೆ ಗಿಡ್ಡ, ಮೈ ಸಾಮಾನ್ಯವಾಗಿ ಕಪ್ಪು ಇಲ್ಲವೇ ಕಂದು, ಒಂದಕ್ಕೊಂದು ಅಣ್ಣತಮ್ಮಂದಿರಿಗಿಂತ ಹತ್ತಿರ. ಗಂಡಿನ ಜೊತೆ ಹಿಡಿದದ್ದು ಅಂತ ಲೇಬಲ್‌ನಲ್ಲಿ ಬರೆದಿದ್ದರೆ ಸುಲಭ. ಇಲ್ಲವಾದರೆ, ಹುಳು ತೀರಾ ಹಳೆಯದಲ್ಲದಿದ್ದರೆ, ಒಂದು ಕಾಲು ತೆಗೆದು ಡಿಎನ್ಎ ನೋಡಬಹುದು. ಅದೂ ಆಗದಿದ್ದರೆ ಕುಲದ (ಹತ್ತಿರದ ಜಾತಿಗಳ ಗುಂಪಿನ) ಹೆಸರಷ್ಟೇ ಬರೆದು ಡ್ರಾಯರ್ ಮುಚ್ಚುತ್ತೇನೆ.