ಡೀಸೆಲ್ ಕೈಕೊಟ್ಟರೆ ಮತ್ತೆ ಎತ್ತಿನ ಗಾಡಿ ಕಟ್ಟಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಂಡ್ಯ, ಪಾಂಡವಪುರ, ತಿ. ನರಸೀಪುರ ಕಡೆಯ ಯಾವ ಊರಲ್ಲಿ ಇಂಧನದ ವಿಷಯ ಎತ್ತಿದರೂ ಬರುವ ಪ್ರಶ್ನೆ ಒಂದೇ: “ಅಗ್ಗದ ಪೆಟ್ರೋಲು, ಡೀಸೆಲ್ಲು ಮುಗೀತಾ ಬಂತು ಅಂತೀರಲ್ಲ, ಹಂಗಾದ್ರೆ ಮತ್ತೆ ಎತ್ತಿನ ಗಾಡಿ ಕಟ್ಬೇಕಾ?” ಎತ್ತಿನ ವಿಷಯಕ್ಕೆ ಆಮೇಲೆ ಬರೋಣ, ಅದು ಮೊದಲ ಕೆಲಸ ಅಲ್ಲ. ಊರಿಗೆ ಬರುವ ಇಂಧನದ ಲೆಕ್ಕ ಬರೆಯುವುದು ಮೊದಲ ಕೆಲಸ. ಬರೆದ ಊರಿಗೆ ಗೊತ್ತಾಗುತ್ತದೆ, ಹೆಚ್ಚು ಸೋರುತ್ತಿರುವುದು ಟ್ರ್ಯಾಕ್ಟರ್ ಟ್ಯಾಂಕಿನಿಂದ ಅಲ್ಲ ಅಂತ.

ತೈಲ ಒಂದು ದಿನ ಬೆಳಗಾಗುವುದರೊಳಗೆ ಖಾಲಿಯಾಗುವುದಿಲ್ಲ. ಸಲೀಸಾಗಿ ಸಿಗುವುದು ಮೊದಲು ಮುಗಿಯುತ್ತದೆ. ಉಳಿದದ್ದನ್ನು ಆಳ ಸಮುದ್ರದಿಂದಲೋ ಬಂಡೆ ಸೀಳಿಯೋ ತೆಗೆಯಬೇಕು, ಖರ್ಚು ಏರುತ್ತಲೇ ಹೋಗುತ್ತದೆ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. 1973ರಲ್ಲಿ, 1990ರಲ್ಲಿ, 2022ರಲ್ಲಿ ಎಲ್ಲೋ ನಡೆದ ಯುದ್ಧದ ಬಿಸಿ ಇಲ್ಲಿಯ ಅಡುಗೆಮನೆಗೂ ಗದ್ದೆಗೂ ತಟ್ಟಿತು. ಇನ್ನೊಮ್ಮೆ ತಟ್ಟುವಾಗ ಊರಿಗೆ ಸ್ವಲ್ಪ ತಡೆದುಕೊಳ್ಳುವ ಶಕ್ತಿ ಇರಬೇಕು, ಅಷ್ಟೇ ಇಲ್ಲಿಯ ಗುರಿ.

ಲೆಕ್ಕ ಬರೆಯಲು ಒಂದು ನೋಟ್‌ಬುಕ್ ಸಾಕು. ದೊಡ್ಡ ಹಿಡುವಳಿ, ಸಣ್ಣ ಹಿಡುವಳಿ, ಜಮೀನಿಲ್ಲದವರು ಎಲ್ಲರೂ ಸೇರುವಂತೆ ಇಪ್ಪತ್ತು ಮನೆ ಆರಿಸಿಕೊಳ್ಳಿ. ಒಂದು ತಿಂಗಳ ಪೆಟ್ರೋಲು, ಗ್ಯಾಸ್ ಸಿಲಿಂಡರು, ಬಾಡಿಗೆ ಟ್ರ್ಯಾಕ್ಟರಿನ ಗಂಟೆ, ಸಾಮಾನು ಸಾಗಿಸಿದ ಬಾಡಿಗೆ ಬರೆಯಿರಿ. ವರ್ಷದ ಗೊಬ್ಬರದ ಚೀಲಗಳ ಲೆಕ್ಕ ಸೊಸೈಟಿಯ ಪುಸ್ತಕದಲ್ಲೇ ಇರುತ್ತದೆ. ಪಂಪ್‌ಸೆಟ್ಟನ್ನು ಬೇರೆ ಇಡಿ. ನಮ್ಮಲ್ಲಿ ಅದು ಓಡುವುದು ಕರೆಂಟಿನಲ್ಲಿ, ಡೀಸೆಲ್ ಲೆಕ್ಕಕ್ಕೆ ಬರುವುದಿಲ್ಲ.

ಈಗ ಯೂರಿಯಾ ಚೀಲ ನೋಡಿ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಒಂದು ಟನ್ನಿಗೆ ಹೆಚ್ಚುಕಡಿಮೆ 55ರಿಂದ 60 ಲಕ್ಷ ಕಿಲೋಕ್ಯಾಲೊರಿ ಶಕ್ತಿ ಬೇಕು. 45 ಕೆಜಿಯ ಒಂದು ಚೀಲಕ್ಕೆ ಲೆಕ್ಕ ಹಾಕಿದರೆ ಸುಮಾರು 28 ಲೀಟರ್ ಡೀಸೆಲ್‌ನಲ್ಲಿರುವಷ್ಟು ಶಕ್ತಿ. ನೀರಾವರಿ ಭತ್ತಕ್ಕೆ ಶಿಫಾರಸು ಎಕರೆಗೆ 40 ಕೆಜಿ ಸಾರಜನಕ, ಅಂದರೆ ಎರಡು ಚೀಲ, 56 ಲೀಟರ್. ಅದೇ ಎಕರೆಯನ್ನು ಉತ್ತು, ಕೇಜ್ ವೀಲ್ ಎಂಬ ಕಬ್ಬಿಣದ ಚಕ್ರ ಹಾಕಿ ಕೆಸರು ಮಾಡಲು ಟ್ರ್ಯಾಕ್ಟರ್ ಕುಡಿಯುವುದು ಹದಿನೈದು ಇಪ್ಪತ್ತು ಲೀಟರ್. ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಹೊಗೆ ಮೂರು ಪಟ್ಟು! ಚೀಲಕ್ಕೆ 266 ರೂಪಾಯಿ 50 ಪೈಸೆ ಕೊಟ್ಟು ತರುವಾಗ ಇದು ತಿಳಿಯುವುದಿಲ್ಲ, ಯಾಕೆಂದರೆ ನಿಜವಾದ ಬೆಲೆಯ ಬಹುಪಾಲನ್ನು ಸರ್ಕಾರದ ಸಹಾಯಧನ ನುಂಗಿಕೊಂಡಿರುತ್ತದೆ.

ಹಾಗಂತ ನಾಳೆಯಿಂದಲೇ ಗೊಬ್ಬರ ಬಿಡಿ ಅಂತ ಯಾರೂ ಹೇಳಬಾರದು. 2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಭತ್ತದ ಇಳುವರಿ ಬಿದ್ದುಹೋಯಿತು, ಅದೇ ವರ್ಷ ಆದೇಶ ವಾಪಸ್ ಪಡೆಯಬೇಕಾಯಿತು. ಎರಡು ಚೀಲವನ್ನು ಒಂದಕ್ಕೆ ಇಳಿಸುವುದು ನಮ್ಮ ಕೈಯಲ್ಲಿರುವ ಕೆಲಸ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಅದಕ್ಕೆ ಬೇಕಾದ ಪುರಸೊತ್ತೂ ಇದೆ, ಬೇಸಿಗೆ ಬೆಳೆ ಇಲ್ಲದ ಗದ್ದೆ ಏಪ್ರಿಲ್‌ನಿಂದ ನಾಲೆ ನೀರು ಬರುವವರೆಗೂ ಬೀಳು ಬಿದ್ದಿರುತ್ತದೆ.

ಮೇ ತಿಂಗಳ ಮೊದಲ ಹದ ಮಳೆಗೆ ಒಂದು ಸಾಲು ಉತ್ತು ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ, ಎಕರೆಗೆ 10ರಿಂದ 12 ಕೆಜಿ. ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ನೆರಳಲ್ಲಿ ಆರಿಸಿ ಬಿತ್ತಿದರೆ ಒಂದೇ ಸಮ ಹುಟ್ಟುತ್ತದೆ. ಭತ್ತಕ್ಕೆ ಕೊಡಬೇಕಾದ ಸೂಪರ್ ಫಾಸ್ಫೇಟಿನಲ್ಲಿ ಒಂದು ಪಾಲನ್ನು ಇಲ್ಲೇ ಕೊಟ್ಟರೆ ಸಾರಜನಕ ಹಿಡಿಯುವ ಬೇರಿನ ಗಂಟು ಚೆನ್ನಾಗಿ ಕಟ್ಟಿ ಗಿಡ ದಪ್ಪಗೆ ಬರುತ್ತದೆ. 45 ದಿನಕ್ಕೆ, ಹೂ ಬಿಡುವ ಮುಂಚೆ, ಎರಡು ಇಂಚು ನೀರು ನಿಲ್ಲಿಸಿ ಗಿಡವನ್ನು ತುಳಿಸಿ ಮಣ್ಣಿಗೆ ಸೇರಿಸಿ, ವಾರ ಹತ್ತು ದಿನ ಕೊಳೆಯಲು ಬಿಟ್ಟು ನಾಟಿ ಮಾಡಿ. ಚೆನ್ನಾಗಿ ಬಂದ ಬೆಳೆಯಿಂದ ಎಕರೆಗೆ ನಾಲ್ಕರಿಂದ ಆರು ಟನ್ ಹಸಿ ಸೊಪ್ಪು, ಸುಮಾರು 25 ಕೆಜಿ ಸಾರಜನಕ ಸಿಗುತ್ತದೆ. ಒಂದು ಚೀಲ ಯೂರಿಯಾದಲ್ಲಿ ಇರುವುದು 21 ಕೆಜಿಯೊಳಗೆ.

ಕೆಡುವುದು ಮೂರು ಕಡೆ. ನಾಲೆ ನೀರು ತಡವಾಯಿತು ಅಂತ ಅರವತ್ತು ಎಪ್ಪತ್ತು ದಿನ ಗಿಡ ಬಿಟ್ಟರೆ ಕಾಂಡ ಸೌದೆಯಾಗುತ್ತದೆ. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೇ ಹೀರಿಕೊಳ್ಳುತ್ತದೆ, ನಾಟಿ ಪೈರು ಹಳದಿ ತಿರುಗುತ್ತದೆ, ಹೆದರಿದ ರೈತ ಮತ್ತೆ ಎರಡು ಚೀಲ ಎರಚುತ್ತಾನೆ. ನೀರು ಬರದಿದ್ದರೂ 45ನೇ ದಿನಕ್ಕೆ ಕುಯ್ದು ನೆಲದ ಮೇಲೆ ಹಾಸಿಬಿಡುವುದೇ ಮೇಲು. ಎರಡನೆಯದು ಬೀಜ: ಮಳೆ ಬಿದ್ದ ಮೇಲೆ ಕೇಳಲು ಹೋದರೆ ಖಾಲಿ. ಬದುವಿನ ಮೇಲೆ ಒಂದಷ್ಟು ಗಿಡ ಬೀಜಕ್ಕೇ ಬಿಟ್ಟುಕೊಳ್ಳಿ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಬಿಟ್ಟಿ ಮೇವು. ಬೇಸಿಗೆಯಲ್ಲಿ ಇಡೀ ಬಯಲು ದನ ಕುರಿಗೆ ಬಿಟ್ಟಿರುತ್ತದೆ. ಒಬ್ಬನೇ ಬಿತ್ತಿದರೆ ಊರ ದನವೆಲ್ಲ ಅವನ ಗದ್ದೆಯಲ್ಲೇ. ಒಂದು ತೂಬಿನ ಕೆಳಗಿನವರೆಲ್ಲ ಸೇರಿ ಒಂದೇ ವಾರ ಬಿತ್ತಿ, ಕುರಿಯವರಿಗೆ ಬೇರೆ ಬಯಲು ಗೊತ್ತುಮಾಡಿಕೊಟ್ಟರೆ ಮಾತ್ರ ಇದು ಆಗುವ ಕೆಲಸ. ಉಳಿದ ಒಂದು ಚೀಲ ಯೂರಿಯಾವನ್ನೂ ನಿಂತ ನೀರಿಗೆ ಎರಚಬೇಡಿ. ನೀರು ಬಸಿದು, ಕೆಸರಿಗೆ ಕೊಟ್ಟು, ಮಾರನೆಯ ದಿನ ನೀರು ಕಟ್ಟಿ, ಅದೂ ಎರಡು ಮೂರು ಕಂತಿನಲ್ಲಿ.

ಎರಡನೆಯ ಸೋರಿಕೆ ಬೈಕು. “ಊರಲ್ಲಿ ಬೆಳೆದದ್ದನ್ನೇ ತಿನ್ನಿ, ದೂರದಿಂದ ಬಂದದ್ದು ಬೇಡ” ಅನ್ನುವ ಮಾತು ಕೇಳಲು ಚೆಂದ, ಲೆಕ್ಕದಲ್ಲಿ ಅರ್ಧ ಸತ್ಯ. ಒಂದೂವರೆ ಟನ್ ತರಕಾರಿ ತುಂಬಿದ ಪಿಕಪ್ ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬರಲು 200 ಕಿಲೋಮೀಟರ್, ಲೀಟರಿಗೆ 12ರಂತೆ ಹದಿನೇಳು ಲೀಟರ್. ಕೆಜಿ ಒಂದಕ್ಕೆ 11 ಮಿಲಿಲೀಟರ್. ಅದೇ ಊರಿಂದ ಹನ್ನೆರಡು ಕಿಲೋಮೀಟರ್ ದೂರದ ಪೇಟೆಗೆ ಒಬ್ಬರು ಬೈಕಿನಲ್ಲಿ ಹೋಗಿ ನಾಲ್ಕು ಕೆಜಿ ಸಾಮಾನು ತಂದರೆ ಅರ್ಧ ಲೀಟರ್ ಪೆಟ್ರೋಲು, ಕೆಜಿಗೆ 120 ಮಿಲಿಲೀಟರ್. ಹತ್ತು ಪಟ್ಟು ಹೆಚ್ಚು! ತುಂಬಿದ ಗಾಡಿ ದೂರ ಹೋದರೂ ಅಗ್ಗ, ಖಾಲಿ ಗಾಡಿ ಹತ್ತಿರ ಹೋದರೂ ದುಬಾರಿ. ಹಿಂದಿನವರು ವಾರಕ್ಕೊಂದು ಸಂತೆ ಕಟ್ಟಿದ್ದು ಇದೇ ಲೆಕ್ಕದ ಮೇಲೆ: ನೂರು ಜನ ನೂರು ಸಲ ಪೇಟೆಗೆ ಹೋಗುವ ಬದಲು ವ್ಯಾಪಾರಿಯೇ ತುಂಬಿದ ಗಾಡಿಯಲ್ಲಿ ಊರ ಹತ್ತಿರ ಬರುತ್ತಾನೆ. ಸಂತೆ ಮೈದಾನಕ್ಕೆ ನೆರಳು, ನೀರು, ಕಟ್ಟೆ ಮಾಡಿಸಲು ಪಂಚಾಯಿತಿ ಹಾಕುವ ಹಣಕ್ಕಿಂತ ಒಳ್ಳೆಯ ಇಂಧನ ಉಳಿತಾಯ ಯೋಜನೆ ನನಗೆ ಕಾಣುವುದಿಲ್ಲ.

ಊರಿಂದ ಹೊರಗೆ ಹೋಗುವ ಮಾಲಿಗೂ ಇದೇ ನ್ಯಾಯ. ಐದು ಜನ ಐದು ಆಟೋದಲ್ಲಿ ಟೊಮೆಟೊ, ಬದನೆ ಹೊತ್ತು ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ಹೋಗುವ ಬದಲು ಒಂದೇ ಗಾಡಿ ಸಾಕು. ಆದರೆ ಇಂಥ ಒಟ್ಟು ಸಾಗಾಟ ಸಾಮಾನ್ಯವಾಗಿ ಮುರಿದುಬೀಳುವುದು ಡೀಸೆಲ್‌ಗಲ್ಲ, ನಂಬಿಕೆಗೆ. ಯಾರ ಕ್ರೇಟಿಗೆ ಎಷ್ಟು ಬಿತ್ತು, ತೂಕ ಎಲ್ಲಿ ಕಡಿಮೆಯಾಯಿತು ಅನ್ನುವ ಜಗಳ. ಇದಕ್ಕೆ ಹೊಸ ಸಂಘ ಕಟ್ಟುವುದು ಬೇಡ, ಹಾಲಿನ ಡೇರಿಯ ಪದ್ಧತಿ ಹಾಗೇ ಎತ್ತಿಕೊಳ್ಳಿ. ಬೆಳೆಗಾರನ ಎದುರಿಗೇ ತೂಕ, ಕೈಗೆ ಚೀಟಿ, ಗುಣಮಟ್ಟಕ್ಕೆ ಎರಡೇ ದರ್ಜೆ, ಗೊತ್ತಾದ ದಿನ ಬಟವಾಡೆ. ವಾಪಸ್ ಬರುವ ಗಾಡಿಗೆ ಅಂಗಡಿ ಸಾಮಾನು, ಹಿಂಡಿ, ಬೂಸದ ಆರ್ಡರನ್ನು ಹಿಂದಿನ ಸಂಜೆಯೇ ಬರೆಸಿಕೊಂಡರೆ ಬಾಡಿಗೆ ಅರ್ಧಕ್ಕಿಳಿಯುತ್ತದೆ.

ಅಗ್ಗದ ತೈಲ ಹೋದ ಮೇಲೂ ನಿಲ್ಲಬಲ್ಲ ಉದ್ಯಮ ಯಾವುದು ಅಂದರೆ ಆಲೆಮನೆ. ಕಚ್ಚಾಮಾಲು ಊರಿನದು, ಉರುವಲು ಅದೇ ಕಬ್ಬಿನ ಸಿಪ್ಪೆ, ಗಾಣಕ್ಕೆ ಒಂದು ಮೋಟಾರು. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ, ಒಣಗಿದ ಸಿಪ್ಪೆ 200 ಕೆಜಿಯಷ್ಟು. ಅಂದರೆ ಒಂದು ಕೆಜಿ ಬೆಲ್ಲಕ್ಕೆ ಎರಡು ಕೆಜಿ ಸಿಪ್ಪೆಯೊಳಗೆ ಒಲೆ ಉರಿಯಬೇಕು. ಮೂರು ಕೆಜಿ ನುಂಗುವ ಒಲೆಯಾದರೆ ಸಿಪ್ಪೆ ಸಾಲದೆ ಸೌದೆ ಬರುತ್ತದೆ, ಅದೂ ಸಾಲದ ಕಡೆ ಹಳೇ ಟೈರು, ಪ್ಲಾಸ್ಟಿಕ್ ಬರುತ್ತದೆ. ಟೈರಿನ ಹೊಗೆ ಕುಡಿಯುವವರು ಒಲೆ ಮುಂದೆ ಕೂತ ಕೂಲಿಯವರು ಮತ್ತು ಪಕ್ಕದ ಮನೆಯ ಮಕ್ಕಳು. ಇದನ್ನು ಯಾವ ಲೆಕ್ಕದಲ್ಲೂ ಒಪ್ಪಲಾಗದು.

ಒಲೆ ಯಾಕೆ ಹೆಚ್ಚು ನುಂಗುತ್ತದೆ? ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧ ನೀರೇ. ಮೂರು ನಾಲ್ಕು ದಿನ ಬಿಸಿಲಿಗೆ ಹರಡಿ, ಒಮ್ಮೆ ಮಗುಚಿ, ಕೈಯಲ್ಲಿ ಮುರಿದರೆ ಟಪ್ ಅನ್ನುವ ಹಾಗೆ ಒಣಗಿಸಬೇಕು. ಅರೆ ಒಣಗಿದ್ದನ್ನು ತುರುಕಿದರೆ ಬೆಂಕಿಯ ಬಲವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಚಿಮಣಿಯಿಂದ ಕಪ್ಪು ಹೊಗೆ ಬಂತೆಂದರೆ ಗಾಳಿ ಸಾಲದು ಅಂತ ಅರ್ಥ. ಮೊದಲು ಬೂದಿ ಗುಂಡಿ ಖಾಲಿ ಮಾಡಿ, ಜಾಲರಿ ಕೆಳಗಿನ ದಾರಿ ಬಿಡಿಸಿ, ಸಿಪ್ಪೆಯನ್ನು ಹೊರೆಗಟ್ಟಲೆ ತುಂಬದೆ ಹಿಡಿಹಿಡಿಯಾಗಿ ಹಾಕಿ. ಕೊಪ್ಪರಿಗೆ ದಾಟಿ ಚಿಮಣಿಗೆ ಹೋಗುವ ಬಿಸಿ ಗಾಳಿಯ ದಾರಿಯ ಮೇಲೆ ಎರಡನೆಯ ಕೊಪ್ಪರಿಗೆ ಕೂರಿಸಿದರೆ ಮುಂದಿನ ಪಾಕದ ಕಬ್ಬಿನ ಹಾಲು ಅಲ್ಲೇ ಬಿಸಿಯಾಗಿರುತ್ತದೆ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಸಾಕು. ಬಣ್ಣಕ್ಕೆ ಅಂತ ಹಾಕುವ ಹೈಡ್ರೋಸ್ ಅನ್ನುವ ರಾಸಾಯನಿಕ ಬೇಡವೇ ಬೇಡ. ಕಂದು ಬೆಲ್ಲಕ್ಕೆ ಬೆಲೆ ಸಿಗಲ್ಲ ಅನ್ನುವವರಿಗೆ ಒಂದೇ ಮಾತು: ಮಂಡ್ಯ, ಮೈಸೂರಿನ ಮನೆಗಳಿಗೆ ನೇರ ಮಾರುವ ದಾರಿ ಮಾಡಿಕೊಳ್ಳದೆ ಮಂಡಿಯ ಬಣ್ಣದ ಹಟ ಬಿಡುವುದಿಲ್ಲ.

ಅಡುಗೆ ಗ್ಯಾಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು. ನಾಲ್ಕೈದು ದನ ಇರುವ ಮನೆಗೆ ಎರಡು ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಹೊಂದುತ್ತದೆ. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು, ನಾಲ್ಕೈದು ಜನರ ಅಡುಗೆ. ಎರಡೇ ದನ ಇರುವ ಮನೆಗೆ ಕಟ್ಟಿಸಿಕೊಟ್ಟು ಪಾಳುಬಿಟ್ಟದ್ದು ಬೇಕಾದಷ್ಟಿದೆ. ಉರಿ ಮಿಣುಕುತ್ತಿದ್ದರೆ ಪೈಪಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ, ಅಲ್ಲೊಂದು ನೀರು ಬಸಿಯುವ ಕೊಳಾಯಿ ಇಡಿಸಿ. ಸಿಲಿಂಡರಿನ ಒಲೆಯನ್ನೇ ಜೋಡಿಸಬೇಡಿ, ಅದರ ರಂಧ್ರ ಇದಕ್ಕೆ ಕಿರಿದು. ಹೊರಬರುವ ಬಗ್ಗಡವನ್ನು ಗೊಬ್ಬರದ ಗುಂಡಿಗೆ ಬಿಟ್ಟರೆ ಯೂರಿಯಾ ಲೆಕ್ಕದಲ್ಲೂ ಅಷ್ಟು ಉಳಿಯಿತು.

ಇನ್ನು ಎತ್ತು. ಒಂದು ಜೊತೆ ಹಳ್ಳಿಕಾರ್ ಎತ್ತಿಗೆ ವರ್ಷಕ್ಕೆ ಐದು ಟನ್ನಿನಷ್ಟು ಒಣ ಮೇವು ಬೇಕು, ಅಂದರೆ ಸುಮಾರು ಮೂರು ಎಕರೆ ರಾಗಿ ಹುಲ್ಲು. ಎಕರೆ, ಅರ್ಧ ಎಕರೆಯ ಹಿಡುವಳಿದಾರ ಇದನ್ನು ಸಾಕಲಾರ, ಸಾಕು ಅನ್ನುವುದು ಅನ್ಯಾಯ. ಇದ್ದವರ ಜೊತೆಯನ್ನು ನಾಲ್ಕೈದು ಮನೆ ಬಾಡಿಗೆಗೆ ಬಳಸಿದರೆ ಎತ್ತೂ ಉಳಿಯುತ್ತದೆ, ಸಾಕುವವನೂ ಉಳಿಯುತ್ತಾನೆ. ರಾಗಿಗೆ ಕುಂಟೆ ಹೊಡೆಯಲು, ಹೊಲಕ್ಕೆ ಗೊಬ್ಬರ ಹೊಡೆಯಲು, ಎರಡು ಮೂರು ಕಿಲೋಮೀಟರ್ ಒಳಗಿನ ಆಲೆಮನೆಗೆ ಟೈರ್ ಗಾಡಿಯಲ್ಲಿ ಕಬ್ಬು ಸಾಗಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆಳವಾದ ಉಳುಮೆಗೆ, ಕೆಸರು ಮಾಡಲು ಇರುವ ಡೀಸೆಲ್ಲನ್ನು ಮೀಸಲಿಡಿ.

ರಾಗಿಯ ಬಗ್ಗೆ ಒಂದು ಮಾತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಕೊಟ್ಟ ಇಂಡಾಫ್ ತಳಿಗಳಿಂದ ಹಿಡಿದು ಇವತ್ತಿನವರೆಗೆ ಸುಧಾರಿತ ರಾಗಿಯ ಬೀಜವನ್ನು ರೈತ ತಾನೇ ಎತ್ತಿಟ್ಟುಕೊಳ್ಳಬಹುದು. ಹೈಬ್ರಿಡ್ ಭತ್ತದಂತೆ ವರ್ಷವರ್ಷ ಕೊಳ್ಳಬೇಕಿಲ್ಲ. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ನೆಲದೊಳಗೆ ಕಾಳು ತುಂಬಿಡುವ ಹಳೇ ಹಗೇವು ಮತ್ತೆ ಬಳಸುವವರು ಮಾತ್ರ ಜೋಪಾನ. ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯಬಾರದು, ಕಾಳು ಉಸಿರಾಡಿ ಒಳಗಿನ ಗಾಳಿ ಸತ್ತಿರುತ್ತದೆ, ಇಳಿದವರು ಸತ್ತದ್ದುಂಟು. ಚೆನ್ನಾಗಿ ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ. ಆರಿದರೆ ಇಳಿಯಲೇಬೇಡಿ. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತ ಮೇಲೇ ಇಳಿಯಬೇಕು. ಇಷ್ಟು ಸಾಧ್ಯವಿಲ್ಲದಿದ್ದರೆ ಸೊಸೈಟಿಯ ಗೋದಾಮಿನಲ್ಲಿ ಹಲಗೆ ಹಾಸಿ ಮೂಟೆ ಜೋಡಿಸುವುದೇ ಕ್ಷೇಮ.

ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗೆ: ಇಪ್ಪತ್ತು ಮನೆಯ ಲೆಕ್ಕವನ್ನು ಜನವರಿಯಲ್ಲಿ ಬರೆಯಿರಿ, ಫೆಬ್ರವರಿಯಲ್ಲಿ ಗ್ರಾಮಸಭೆಯ ಮುಂದೆ ಓದಿ. ಮಾರ್ಚ್ ಒಳಗೆ ತೂಬಿನ ಕೆಳಗಿನವರ ಹೆಸರು, ಎಕರೆ ಬರೆಸಿ ಡಯಾಂಚ ಬೀಜದ ಬೇಡಿಕೆಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಕುರಿಯವರ ಜೊತೆ ಮಾತುಕತೆಯೂ ಅದೇ ತಿಂಗಳು ಮುಗಿಯಬೇಕು, ಮೇ ಮಳೆ ಯಾರಿಗೂ ಕಾಯುವುದಿಲ್ಲ.