ಗುಲ್‌ಮೊಹರ್ ಡೈರಿ: ನೆರಳು ಮೊದಲು, ಹೂವು ಆಮೇಲೆ

ಗಿಡ ಈಗ ನನ್ನ ತಲೆ ಮೀರಿ ಬೆಳೆದಿದೆ. ಹೂವಿನ ಸುಳಿವಿಲ್ಲ. ಬೀಜದಿಂದ ಬಂದ ಗುಲ್‌ಮೊಹರ್ ಹೂ ಬಿಡಲು 5 ವರ್ಷವಾದರೂ ಬೇಕು, 10 ಆದರೂ ಆಶ್ಚರ್ಯವಿಲ್ಲ. ಹಾಗಾಗಿ ಸದ್ಯ ನನ್ನ ಗಮನವೆಲ್ಲ ಕೊಂಬೆಗಳ ಮೇಲೆ.

ಬೀಜದ ಹಂತ ಬೇಗ ಮುಗಿಯಿತು. ಅದರ ಸಿಪ್ಪೆ ಎಷ್ಟು ಗಟ್ಟಿ ಎಂದರೆ, ಹಾಗೇ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಸ್ಯಾಂಡ್‌ಪೇಪರ್ ಮೇಲೆ ಒಂದು ಬದಿ ಉಜ್ಜಿದೆ. ಕಂದು ಹೋಗಿ ಒಳಗಿನ ತಿಳಿ ಬಣ್ಣ ಕಂಡರೆ ಸಾಕು, ಜಾಸ್ತಿ ಬೇಡ. ಕಾಯಿಗೆ ಅಂಟಿಕೊಂಡಿದ್ದ ತುದಿಯನ್ನು ಮುಟ್ಟಬಾರದು, ಮೊಳಕೆ ಇರುವುದು ಅಲ್ಲೇ. ರಾತ್ರಿಯಿಡೀ ನೀರಲ್ಲಿ ನೆನೆಸಿದ ಮೇಲೆ ಉಬ್ಬಿಕೊಂಡ ಬೀಜಗಳನ್ನಷ್ಟೇ ಬಿತ್ತಿದೆ. ಉಬ್ಬದವನ್ನು ಮತ್ತೆ ಉಜ್ಜಿ ನೆನೆಹಾಕಿದೆ.

ಜಾಗ ಆರಿಸಲು ಮಾತ್ರ ತುಂಬಾ ಯೋಚಿಸಿದೆ. ಇದರ ಬೇರು ಆಳಕ್ಕಿಂತ ಅಗಲಕ್ಕೇ ಹೋಗುತ್ತದೆ. ದೊಡ್ಡದಾದ ಮೇಲೆ ನೆಲದ ಮೇಲೇ ಎದ್ದು ಕಾಣುತ್ತದೆ, ಪಕ್ಕದ ಕಲ್ಲುಹಾಸನ್ನೂ ಎತ್ತಿಬಿಡುತ್ತದೆ. ಅದಕ್ಕೇ ಗೋಡೆ, ಪೈಪು ಎರಡರಿಂದಲೂ ದೂರ, ದಿನವಿಡೀ ಬಿಸಿಲು ಬೀಳುವ ಕಡೆ ನೆಟ್ಟಿದ್ದೇನೆ. ನೀರು ದಿನಾ ಚಿಮುಕಿಸುವುದಿಲ್ಲ. ಮೇಲ್ಮಣ್ಣು ಒಣಗಿದ ಮೇಲೆ ಒಮ್ಮೆಗೇ ಧಾರಾಳವಾಗಿ ಬಿಡುತ್ತೇನೆ.

ಈಗ ಕತ್ತರಿ ಕೆಲಸ. ಈ ಮರ ಕೊಡೆಯಂತೆ ಹರಡುತ್ತದೆ, ಎತ್ತರಕ್ಕಿಂತ ಅಗಲವೇ ಹೆಚ್ಚು. ಕೆಳಗೆ ಕುರ್ಚಿ ಹಾಕಿ ಕೂರಬೇಕಾದರೆ ಮೊದಲ ದೊಡ್ಡ ಕೊಂಬೆ ಕನಿಷ್ಠ 8 ಅಡಿ ಮೇಲಿರಬೇಕು, ಅಲ್ವಾ? ಹಾಗಾಗಿ ನಡುವಿನ ಕಾಂಡವನ್ನು ನೇರ ಬಿಟ್ಟು, ಕೆಳಗಿನ ಪಕ್ಕದ ಚಿಗುರುಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಿದ್ದೇನೆ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಕಾಂಡ ಸಣಕಲಾಗಿ ಬಾಗುತ್ತದೆ.

ಮೇಲೆ ಒಂದು ಕಡೆ ಎರಡು ಚಿಗುರು ಒಂದೇ ದಪ್ಪಕ್ಕೆ ಬಂದು, ಕಿರಿದಾದ ಕವಲಾಗಿದ್ದವು. ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿತ್ತು. ಗುಲ್‌ಮೊಹರ್ ಕಟ್ಟಿಗೆ ಮೊದಲೇ ಪೆಳಸು, ಜೋರು ಗಾಳಿಗೆ ಸೀಳುವುದು ಇಂಥ ಕವಲೇ. ಓರೆಯಾಗಿದ್ದ ಚಿಗುರನ್ನು ಬುಡದಲ್ಲೇ ಕತ್ತರಿಸಿದೆ. ಚೆನ್ನಾಗಿ ಬೆಳೆದಿತ್ತು ಪಾಪ, ಆದರೆ ಈಗ ಬೆರಳು ದಪ್ಪದ ಗಾಯ, ಆಮೇಲಾದರೆ ತೊಡೆ ದಪ್ಪದ್ದು.

ಒಣ ಕಾಲದಲ್ಲಿ ಎಲೆ ಪೂರ್ತಿ ಉದುರಿ ಗಿಡ ಬೋಳಾಗುತ್ತದೆ. ನೋಡಿದವರು ಸತ್ತೇ ಹೋಯಿತು ಅಂತಾರೆ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರು, ಗಾಬರಿ ಬೇಡ.

ಮುಂದಿನ ಕೆಲಸ, ಕಾಂಡ 8 ಅಡಿ ದಾಟಿದ ಮೇಲೆ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರ್ನಾಲ್ಕು ಕೊಂಬೆಗಳನ್ನು ಆರಿಸುವುದು. ಸಾರಜನಕ ಜಾಸ್ತಿ ಇರುವ ಗೊಬ್ಬರವನ್ನು ನಿಲ್ಲಿಸಿದ್ದೇನೆ. ಎಲೆ ಈಗಾಗಲೇ ಬೇಕಾದಷ್ಟಿದೆ.